ರಜೆ ಕೊಡದ ಟ್ರೆಲೋರ್

ಅಡಿಲೇಡ್‌ನ ನಮ್ಮ ಪ್ರಯೋಗಾಲಯದ ಮುಖ್ಯಸ್ಥ ಟ್ರೆಲೋರ್ ಅವರಿಗೆ ಮೂತ್ರಪಿಂಡದ ಜೀವಕೋಶಗಳ ಮೇಲಿರುವ ಗೌರವ ಮನುಷ್ಯರ ಮೇಲಿಲ್ಲ. ಯಾರು ರಜೆ ಕೇಳಿದರೂ ಒಂದೇ ಪಾಠ: "ಸುತ್ತ ಉಪ್ಪು ಏರಿದ್ರೆ ಆ ಕೋಶ ರಜಾ ಹಾಕತ್ತೇನ್ರೀ? ಸಾಗಣೆ ಪ್ರೋಟೀನು ಹೆಚ್ಚಿಸ್ಕೊಂಡು, ಬೀಟೈನ್ ಅನ್ನೋ ರಕ್ಷಕ ವಸ್ತು ಒಳಗೆಳ್ಕೊಂಡು, ಇರೋ ನೀರು ಉಳಿಸ್ಕೊಂಡು ಕೆಲಸ ಮಾಡತ್ತೆ!" ಸೆಕೆಯಲ್ಲಿ ಎಸಿ ಕೆಟ್ಟರೂ ಇದೇ ಪಾಠ, ತಮ್ಮದೇ ಹುಟ್ಟುಹಬ್ಬದ ಕೇಕ್ ಕತ್ತರಿಸುವಾಗಲೂ ಇದೇ. ಗಾಜಿನ ಸಾಮಾನು ತೊಳೆಯುವ ಟಾಂಗಾ ದ್ವೀಪದ ವಿಕಾ, ತಮ್ಮನನ್ನು ಮಣ್ಣುಮಾಡಿದ ಮರುದಿನವೇ ಕೆಲಸಕ್ಕೆ ಬಂದಾಗ ನಾವೆಲ್ಲ ಆ ಪಾಠಕ್ಕೆ ಕಾದೆವು. "ಮನೆಗೆ ಹೋಗಮ್ಮಾ," ಎಂದರು ಟ್ರೆಲೋರ್ ಮೆಲ್ಲಗೆ, "ಒಮ್ಮೆಗೇ ಉಪ್ಪು ಸುರಿದ್ರೆ ಆ ಕೋಶಾನೂ ಸಾಯತ್ತೆ. ಪ್ರೋಟೀನು ಮಾಡ್ಕೊಳ್ಳೋಕೆ ಅದಕ್ಕೂ ಹೊತ್ತು ಬೇಕು." ಆಮೇಲೆ ಏಪ್ರನ್ ಕಟ್ಟಿಕೊಂಡು ಅವಳ ಜಾಗದಲ್ಲಿ ತೊಳೆಯಲು ನಿಂತರು, ಎರಡು ವಾರದಲ್ಲಿ ಒಂಬತ್ತು ಬೀಕರ್ ಒಡೆದರೂ ಬೇರೆಯವರಿಗೆ ಬಿಟ್ಟುಕೊಡಲಿಲ್ಲ.