ತಲೆಯೆತ್ತಿದ ಹುಳುಗಳ ಭಕ್ತಿ

ಮನೆಯಲ್ಲಿ ರೇಷ್ಮೆ ಹುಳು ಇರುವಷ್ಟು ದಿನ ನಾನು ದೇವರಿಗೆ ಊದುಬತ್ತಿ ಹಚ್ಚುವುದಿಲ್ಲ. ಹೊಗೆ ತಾಕಿದರೆ ಹುಳು ಸೊಪ್ಪು ಬಿಡುತ್ತದೆ, ಹಸಿರಾಗಿ ಕಕ್ಕಿಕೊಂಡು ಸಾಯುತ್ತದೆ. ನಮ್ಮ ಮನೆಯಲ್ಲಿ ಅರ್ಧ ಭಾಗ ನಮಗೆ, ಅರ್ಧ ಹುಳುಗಳಿಗೆ. ಹಾಗಾಗಿ ಒಂದು ಎಣ್ಣೆ ದೀಪ, ನಾಲ್ಕು ಕಣಗಿಲೆ ಹೂವು, ‘ತಾಯಿ, ಹುಳ ಗೂಡು ಕಟ್ಟೋವರೆಗೆ ಇಷ್ಟರಲ್ಲೇ ಸುಧಾರಿಸ್ಕೊ’ ಎಂಬ ಒಂದು ಮಾತು. ಕಬ್ಬಾಳಮ್ಮ ಇದುವರೆಗೂ ಬೇಸರ ಮಾಡಿಕೊಂಡಿಲ್ಲ. ಮರಳವಾಡಿ ಕಡೆಯ ನಮ್ಮೂರಲ್ಲಿ ಹುಳು ಸಾಕುವವರದೆಲ್ಲ ಇದೇ ಪದ್ಧತಿ.

ದೇವರಿಗೆ ಗೊತ್ತಿದ್ದ ಈ ವಿಷಯ ಫೋನಿಗೆ ಗೊತ್ತಿರಲಿಲ್ಲ.

ಆ ಸಲ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ. ಹಳೆಯ ಚರ್ಮ ಕಳಚುವ ಮುಂಚೆ ಹುಳು ಮೇವು ನಿಲ್ಲಿಸಿ, ತಲೆಯೆತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಇದು ಕೊನೆಯ ಜ್ವರ. ಎದ್ದ ಮೇಲೆ ಒಂದು ವಾರ ಎಡೆಬಿಡದೆ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಆ ವಾರದಲ್ಲಿ ಕೆಟ್ಟರೆ ಮನೆಮಂದಿಯೆಲ್ಲ ದುಡಿದದ್ದು ತಿಪ್ಪೆಗೆ.

ನಮ್ಮ ಮೈದುನ ಬಾಗಿಲಲ್ಲಿ ನಿಂತು ಅದನ್ನು ವಿಡಿಯೊ ಮಾಡಿದ. ಸೊಪ್ಪು ಕುಯ್ಯಲು ಸೋಲುವ ಅವನ ಕೈ ಫೋನು ಹಿಡಿದರೆ ಸೋಲುವುದೇ ಇಲ್ಲ. ಹಿಂದುಗಡೆ ಒಂದು ದೇವಿಯ ಭಜನೆ ಸೇರಿಸಿ, ‘ಅಮ್ಮನ ಹಾಡಿಗೆ ತಲೆಯೆತ್ತಿ ಧ್ಯಾನಕ್ಕೆ ಕೂತ ಹುಳುಗಳು! ಪವಾಡ!’ ಎಂದು ಬರೆದು ಊರಿಗೆಲ್ಲ ಬಿಟ್ಟ.

“ಅತ್ಗೆ, ನೋಡ್ ಬನ್ನಿ, ಎಷ್ಟ್ ಜನ ನೋಡವ್ರೆ!”

“ಜ್ವರಕ್ಕೆ ಕೂತಿರೋ ಹುಳ ಕಣಪ್ಪ ಅದು. ತಲೆ ಎತ್ತದೆ ಇನ್ನೇನ್ ಮಾಡ್ತದೆ?”

“ಜನಕ್ಕೆ ಒಸಿ ಭಕ್ತಿ ಬಂದ್ರೆ ನಿಮ್ಗೇನು ನಷ್ಟ?”

ಕೆಳಗೆ ಜನ ಬರೆದದ್ದನ್ನು ಅವನೇ ಓದಿ ಹೇಳಿದ. ಹುಳುವಿಗಿರುವ ಭಕ್ತಿ ಮನುಷ್ಯನಿಗಿಲ್ಲ ಎಂದು ಒಬ್ಬರು. ಮಗಳಿಗೆ ಒಳ್ಳೆ ಗಂಡು ಸಿಗಲೆಂದು ಹರಸಿ ಎಂದು ಹುಳುಗಳನ್ನೇ ಕೇಳಿಕೊಂಡವರು ಇನ್ನೊಬ್ಬರು. ಇಂಥ ಭಕ್ತರನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ಪಾಪಿಗಳೇ ಎಂದು ಬೈದ ಹೆಂಗಸು ತನ್ನ ಫೋಟೊದಲ್ಲಿ ಉಟ್ಟಿದ್ದದ್ದು ರೇಷ್ಮೆ ಸೀರೆ. ಹುಟ್ಟಿದಾಗಿನಿಂದ ಹುಳು ಸಾಕಿದ ನಮ್ಮ ಪಕ್ಕದ ಮನೆಯಾಕೆಯೂ ಕೈಮುಗಿದ ಚಿತ್ರ ಒತ್ತಿದ್ದಳು.

“ನಿಮ್ಮನೇಲೂ ಹಿಂಗೇ ತಾನೇ ಕೂರದು?” ಎಂದೆ.

“ಕೂರ್ತವೆ ಕಣಕ್ಕ. ಆದ್ರೆ ಫೋನಲ್ಲಿ ನೋಡಿದ್ರೆ ಬ್ಯಾರೆ ಥರ ಕಾಣ್ತದೆ.”

ಭಾನುವಾರ ಜನ ಬಂದೇಬಿಟ್ಟರು. ಬಿಡದಿಯಿಂದ ಕಾರು, ಚನ್ನಪಟ್ಟಣದಿಂದ ಬೈಕು. ಅಷ್ಟರಲ್ಲಿ ಹುಳುಗಳು ಜ್ವರದಿಂದ ಎದ್ದು, ತಲೆ ತಗ್ಗಿಸಿ, ಜಡಿಮಳೆ ಬಿದ್ದಂತೆ ಸದ್ದು ಮಾಡುತ್ತಾ ಸೊಪ್ಪು ಮೇಯುತ್ತಿದ್ದವು. ಕಿಟಕಿಯ ಬಲೆಪರದೆಗೆ ಮೂಗು ಒತ್ತಿದವರಿಗೆ ಬಹಳ ನಿರಾಸೆಯಾಯಿತು.

“ಏನಜ್ಜಿ, ಬರೀ ತಿಂತಾ ಕೂತವೆ?”

“ಹುಳ ಕಣಪ್ಪ. ನೀನು ಬರ್ತೀಯ ಅಂತ ಉಪಾಸ ಇರ್ಬೇಕಿತ್ತಾ?” ಎಂದರು ನಮ್ಮತ್ತೆ.

ಮೈದುನ ಭಜನೆಯನ್ನು ಜೋರಾಗಿ ಹಾಕಿದ. ಒಂದು ಹುಳುವಾದರೂ ತಲೆಯೆತ್ತಬೇಡವೇ? ಈ ಮನೆಯಲ್ಲಿ ಮೈಲಿಗೆಯಾಗಿರಬೇಕು, ಅದಕ್ಕೇ ಶಕ್ತಿ ಹೊರಟುಹೋಗಿದೆ ಎಂದು ಯಾರೋ ತೀರ್ಮಾನ ಕೊಟ್ಟರು. ಒಬ್ಬ ಹೆಂಗಸು ಅದಕ್ಕೆ ಪರಿಹಾರವನ್ನೂ ತಂದಿದ್ದಳು. ಬ್ಯಾಗಿನಿಂದ ಊದುಬತ್ತಿಯ ಇಡೀ ಕಟ್ಟು ತೆಗೆದು, ಹಚ್ಚಿ, ಕಿಟಕಿಗೆ ಹಿಡಿದುಬಿಟ್ಟಳು.

ನಾನು ಓಡಿಹೋಗಿ ಕಿತ್ತುಕೊಂಡೆ. ಬಾಗಿಲಲ್ಲಿ, ಒಳಗೆ ಹೋಗುವವರು ಕಾಲು ತೊಳೆಯಲೆಂದು ಇಟ್ಟಿದ್ದ ಔಷಧಿ ನೀರಿನ ಬಕೆಟ್ಟಿತ್ತು. ಅದರಲ್ಲಿ ಅದ್ದಿಬಿಟ್ಟೆ. ಅಷ್ಟು ಹೊತ್ತಿಗೆ ಕಿಟಕಿಯ ಬಳಿಯ ತಟ್ಟೆಯ ಹುಳುಗಳು ಸೊಪ್ಪು ಬಿಟ್ಟು ಹೊರಳಾಡುತ್ತಿದ್ದವು.

ಸಂಜೆಗೆ ಫೋನಿನಲ್ಲಿ ನಾನಿದ್ದೆ. ‘ದೇವರ ಊದುಬತ್ತಿಯನ್ನು ಕಾಲು ತೊಳೆಯುವ ನೀರಿಗೆ ಹಾಕಿದ ನಾಸ್ತಿಕ ಹೆಂಗಸು.’ ಮಂಗಳವಾರ, ಶುಕ್ರವಾರ ಒಪ್ಪತ್ತು ಮಾಡುವವಳು ನಾನು. ಹಣೆಯ ಕುಂಕುಮ ಕೂಡ ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಮಾಗಡಿಯಿಂದ ನಮ್ಮಕ್ಕ ಫೋನು ಮಾಡಿದಳು. “ಏನವ್ವ, ದೇವ್ರು ದಿಂಡ್ರು ಎಲ್ಲ ಬುಟ್ಬುಟ್ಯಂತೆ?”

ಮೈದುನನ ಮುಖ ಬಾಡಿತ್ತು. ಬೈಗುಳ ಈಗ ಅವನಿಗೂ ಬೀಳುತ್ತಿತ್ತು. “ಅತ್ಗೆ, ಹುಳದ ಮುಂದೆ ಒಂದೇ ಒಂದು ಊದುಬತ್ತಿ ಹಚ್ಚಿ ಕೈಮುಗೀರಿ. ವಿಡಿಯೊ ಮಾಡಿ ಹಾಕ್ಬುಡ್ತೀನಿ. ಮನೆ ಮಾನ ಉಳೀತದೆ.”

“ನಿನ್ ಮಾನಕ್ಕೆ ಹುಳ ಸಾಯಿಸ್ಬೇಕೇನ್ಲಾ?” ಎಂದು ಅತ್ತೆ ಎದ್ದರು. “ಅಮ್ಮಂಗೆ ಗೊತ್ತೈತೆ ಅವಳು ಯಾಕೆ ಹಚ್ಚಲ್ಲ ಅಂತ. ಫೋನಲ್ಲಿರೋ ಮುಂಡೇವಕ್ಕೆ ಯಾಕ್ಲಾ ಹೇಳ್ಬೇಕು?” ಹುಳುವಿನ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕಿಟಕಿಯ ಬಳಿಯ ತಟ್ಟೆ ಉಳಿಯಲಿಲ್ಲ. ಅದನ್ನು ದೂರ ಒಯ್ದು ಹೂಳಿದೆವು. ಉಳಿದವು ಮೇಯುತ್ತವೋ ಇಲ್ಲವೋ ಎಂದು ಬೆಳಗ್ಗೆ ಹೊಸ ಸೊಪ್ಪು ಹಾಕಿ ನಾನು, ಅತ್ತೆ ಕಿವಿಗೊಟ್ಟು ನಿಂತೆವು. ಮೊದಲು ಸದ್ದೇ ಇಲ್ಲ. ಆಮೇಲೆ ಒಂದು ಮೂಲೆಯಲ್ಲಿ ಸಣ್ಣಗೆ ಹನಿ ಶುರುವಾಯಿತು, ಮಳೆ ಹಿಡಿಯಿತು. ಹುಳುಗಳ ಕೈಗೆ ಫೋನು ಕೊಡದ ತಾಯಿಗೆ ಅಲ್ಲೇ ಕೈಮುಗಿದೆ.

ಜನ ಕೆಲವು ದಿನ ಬಾಗಿಲು ತಟ್ಟಿದರು. ಆಮೇಲೆ ಎಲ್ಲೋ ತೆಂಗಿನಕಾಯಿ ಕಣ್ಣು ಬಿಟ್ಟಿತೆಂದು ಅತ್ತ ಹೋದರು.

ಹುಳು ಹಣ್ಣಾದಾಗ ಗೂಡು ಕಟ್ಟಲು ಜಾಗ ಹುಡುಕುತ್ತಾ ಮತ್ತೊಮ್ಮೆ ತಲೆಯೆತ್ತಿ ಅತ್ತಿತ್ತ ತೂಗುತ್ತದೆ. ಎಲ್ಲವೂ ಒಟ್ಟಿಗೆ ತೂಗುವುದನ್ನು ಕಂಡು ಮೈದುನನ ಕೈ ಜೇಬಿಗೆ ಹೋಯಿತು. ಅತ್ತೆ ಕೆಮ್ಮಿದರು. ಕೈ ಸುಮ್ಮನೆ ಆಚೆ ಬಂದು, ಗೋಡೆಗೆ ಒರಗಿಸಿದ್ದ ಬಿದಿರಿನ ಚಂದ್ರಿಕೆಯನ್ನು ಎತ್ತಿಕೊಂಡಿತು. ಹುಳುಗಳನ್ನು ಅದರ ಮೇಲೆ ಬಿಟ್ಟೆವು. ಗೂಡು ಕಟ್ಟಿದವು.

ಗೂಡು ರಾಮನಗರದ ಮಾರುಕಟ್ಟೆಗೆ ಹೋದ ದಿನ ಮನೆಯೆಲ್ಲ ತೊಳೆದು, ತಲೆಗೆ ನೀರು ಹಾಕಿಕೊಂಡು, ದೇವರ ಮುಂದೆ ಕೂತೆ. ಒಂದೆರಡು ಕಡ್ಡಿ ಸಾಲದೆನಿಸಿ ಇಡೀ ಕಟ್ಟನ್ನೇ ಹಚ್ಚಿದೆ. ನಾಸ್ತಿಕಳ ಹೊಗೆ ಸೂರಿನವರೆಗೂ ಹೋಯಿತು. ಯಾರೂ ವಿಡಿಯೊ ಮಾಡಲಿಲ್ಲ.