ನೀಲಾಳ ಲೈನು

ನನಗೆ ನೀಲಾಳ ಪರಿಚಯವಾದದ್ದು ಬೈರಿದೇವರಕೊಪ್ಪದ ಬಸ್ ನಿಲ್ದಾಣದಲ್ಲಿ. ಹೊಲಿಗೆ ಕಾರ್ಖಾನೆಯ ಹೆಣ್ಣುಮಕ್ಕಳೆಲ್ಲ ಒಂದು ಕಡೆ ಗುಂಪುಗೂಡಿ ನಗುತ್ತ ನಿಂತಿದ್ದರೆ, ಅವಳು ಮಾತ್ರ ಊಟದ ಚೀಲವನ್ನು ಎದೆಗವಚಿಕೊಂಡು ದೂರ ನಿಂತಿದ್ದಳು. ಜಗಳವಾಗಿದೆಯೇ ಎಂದು ಕೇಳಿದ್ದಕ್ಕೆ, "ಇಲ್ರಿ ಸರ್, ನನಗ ಪ್ರಮೋಷನ್ ಆಗೇತ್ರಿ" ಎಂದಳು.

ಅದು ನಿಜವೇ. ಸುಳ್ಳ ಎಂಬ ಹಳ್ಳಿಯಿಂದ ಬಂದ ನೀಲಾ ಎಷ್ಟೋ ವರ್ಷ ಅಂಗಿಗೆ ಕಾಲರ್ ಹೊಲಿದವಳು. ಈಗ ಅದೇ ಲೈನಿಗೆ ಅವಳನ್ನು ಸೂಪರ್‌ವೈಸರ್ ಮಾಡಿದ್ದರು. ಲೈನೆಂದರೆ ಸಾಲಾಗಿ ಇಟ್ಟ ಮಷೀನುಗಳು. ಒಬ್ಬಳು ಕಾಲರ್ ಹೊಲಿದರೆ ಇನ್ನೊಬ್ಬಳು ತೋಳು, ಮತ್ತೊಬ್ಬಳು ಗುಂಡಿಯ ಪಟ್ಟಿ. ಆ ತುದಿಯಲ್ಲಿ ಅಂಗಿ ಹೊರಬೀಳುತ್ತದೆ. ಆ ಲೈನಿನಲ್ಲಿ ಒಂದು ಹಳೆಯ ರೂಢಿಯಿತ್ತು. ಯಾರ ಮುಂದೆ ಬಟ್ಟೆ ರಾಶಿ ಬೀಳುತ್ತದೆಯೋ, ಪಕ್ಕದವಳು ಅದರಿಂದ ಒಂದು ಹಿಡಿ ಎತ್ತಿಕೊಂಡು ಹೊಲಿದುಬಿಡುವಳು. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹಿರಿಯಳಾದ ದುರಗವ್ವನ ಪಕ್ಕದಲ್ಲಿ ಕುಳಿತು ನೀಲಾ ಕೆಲಸ ಕಲಿತದ್ದೂ ಹಾಗೆಯೇ.

ಸೂಪರ್‌ವೈಸರುಗಳ ತರಬೇತಿಯಲ್ಲಿ ಬೇರೆಯದನ್ನು ಹೇಳಿಕೊಟ್ಟರು. ಯಾರು ಎಷ್ಟು ಹೊಲಿದರೆಂದು ತಿಳಿಯಬೇಕು. ಹೆಚ್ಚು ಹೊಲಿದವಳ ಹೆಸರನ್ನು ಹಲಗೆಯ ಮೇಲೆ ಬರೆಯಬೇಕು. ಆಗ ಉಳಿದವರಿಗೂ ಹುರುಪು ಬರುತ್ತದೆ. ನೀಲಾ ಮನಸಾರೆ ನಂಬಿದಳು. ಮರುದಿನವೇ, "ಇನ್ನ ಮ್ಯಾಲೆ ಒಬ್ಬರ ರಾಶಿಗೆ ಒಬ್ಬರು ಕೈ ಹಾಕಬ್ಯಾಡ್ರಿ" ಎಂದು ಕಟ್ಟಪ್ಪಣೆ ಮಾಡಿದಳು.

ಅವಳ ಮಾತನ್ನು ಯಾರೂ ಮೀರಲಿಲ್ಲ. ಅದೇ ಸಂಕಟವಾಯಿತು. ದುರಗವ್ವನಿಗೆ ಈಚೆಗೆ ಕಣ್ಣು ಮಂಜಾಗಿತ್ತು. ಅವಳ ಮುಂದೆ ತೋಳುಗಳ ರಾಶಿ ಬೆಳೆಯುತ್ತಿದ್ದರೆ, ಪಕ್ಕದ ನಾಹಿದಾ ತನ್ನ ಪಾಲು ಮುಗಿಸಿ ಕೈಕಟ್ಟಿ ಕುಳಿತಿದ್ದಳು.

"ಯಾಕ ನಾಹಿದಾ, ಸುಮ್ಮನ ಕುಂತೀಯಲ್ಲಾ?"

"ಮುಟ್ಟಬ್ಯಾಡ ಅಂದೀರಲ್ರಿ ಮೇಡಂ. ಹಲಗಿ ಮ್ಯಾಲೆ ನನ್ನ ಹೆಸರು ದೊಡ್ಡ ಅಕ್ಷರದಾಗ ಬರೀರಿ, ಫೋಟೋ ಹೊಡದು ನಮ್ಮ ಅತ್ತಿಗೆ ತೋರಸ್ತೀನಿ."

ಲೈನೆಲ್ಲ ನಕ್ಕಿತು. ದುರಗವ್ವ ನಗಲಿಲ್ಲ.

ತಿಂಗಳ ಕೊನೆಗೆ ಮ್ಯಾನೇಜರ್ ಉದಯಕುಮಾರ ಅವರು ನೀಲಾಳನ್ನು ಕರೆಸಿದರು. "ನಿಮ್ಮ ಲೈನು ಎಲ್ಲಾರಕಿಂತ ಹಿಂದ ಐತಿ. ಆ ದುರಗವ್ವನ್ನ ಬಿಡಿಸಿ ಹೊಸಬರನ್ನ ಹಾಕ್ಕೋರಿ."

ನೀಲಾ ಗಟ್ಟಿಯಾಗಿಯೇ ಹೇಳಿದಳು. "ಅಕಿ ಹಿಂದ ಬಿದ್ದಿಲ್ರಿ ಸರ್, ನಾನಽ ಹಿಂದ ಹಾಕೇನಿ. ಒಬ್ಬೊಬ್ಬರನ್ನ ನೋಡಬ್ಯಾಡ್ರಿ, ಲೈನನ್ನ ನೋಡ್ರಿ. ಒಂದ ವಾರ ಕೊಡ್ರಿ. ಆಗಲಿಲ್ಲಂದ್ರ ಅಕೀ ಬದಲಿ ನನ್ನ ಬಿಡಸ್ರಿ."

ಅವರು ಒಪ್ಪಿದರು. ನೀಲಾ ಬಂದು ಹಲಗೆ ಒರೆಸಿ, "ಮೊದಲಿನಂಗಽ ಮಾಡ್ರಿ" ಎಂದಳು. ಯಾರೂ ಕದಲಲಿಲ್ಲ.

"ನಿನ್ನೆ ಮುಟ್ಟಬ್ಯಾಡ, ಇವತ್ತ ಮುಟ್ಟು. ನಾವೇನ ಬುಗರೀನ್ರಿ, ನೀವು ತಿರುಗಿಸಿದಂಗ ತಿರಗಾಕ?" ಎಂದಳು ನಾಹಿದಾ.

ಅಪ್ಪಣೆಯಿಂದ ಮುರಿದ ರೂಢಿ ಅಪ್ಪಣೆಯಿಂದ ಕೂಡುವುದಿಲ್ಲವೆಂದು ನೀಲಾಳಿಗೆ ತಿಳಿಯಿತು. ಮರುದಿನದಿಂದ ದುರಗವ್ವನ ಬಲಕ್ಕೆ ಪಟ್ಟಿ ಹೊಲಿಯುವವಳು ಎರಡು ದಿನ ರಜೆ ಹಾಕಿದ್ದಳು. ನೀಲಾ ಆ ಮಷೀನಿಗೆ ತಾನೇ ಕುಳಿತಳು. ಪಟ್ಟಿ ಹೊಲಿಯುವುದರ ಜೊತೆಗೆ ದುರಗವ್ವನ ರಾಶಿಯಿಂದಲೂ ಒಂದು ಹಿಡಿ ಎತ್ತಿಕೊಂಡಳು. ರೂಢಿ ತಪ್ಪಿದ ಕೈ, ದಾರ ಹರಿಯಿತು. ಪೋಣಿಸಿದರೆ ಮತ್ತೆ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಲೈನಿನಲ್ಲಿ ಅವಳ ಮುಂದಿನ ರಾಶಿಯೇ ಎತ್ತರವಾಗಿತ್ತು. ಆದರೂ ಏಳಲಿಲ್ಲ. ಮಾರನೆಯ ದಿನವೂ ಬಂದು ಅಲ್ಲಿಯೇ ಕುಳಿತಳು.

ದುರಗವ್ವ ಕನ್ನಡಕದ ಮೇಲಿಂದ ಬಗ್ಗಿ ನೋಡಿದಳು. "ಏನ ನಡಿಸೀಯವಾ? ಪಟ್ಟಿ ಹೊಲ್ಯಾಕತ್ತೀಯೋ, ಕೌದಿ ಹೊಲ್ಯಾಕತ್ತೀಯೋ?"

"ಕೈ ಬರವಲ್ದು ಬೇ."

"ಮೇಡಮ್ಮ ಆದ್ಮ್ಯಾಲೆ ಎಲ್ಲಿಂದ ಬರ್ತೈತಿ? ತಾ ಇತ್ತಾಗ" ಎಂದು ಗದರಿಸಿ, ತನ್ನ ರಾಶಿ ಹಾಗೆಯೇ ಇದ್ದರೂ, ನೀಲಾಳ ರಾಶಿಯಿಂದ ಒಂದು ಹಿಡಿ ಎಳೆದುಕೊಂಡಳು. ಅದನ್ನು ಕಂಡ ನಾಹಿದಾ ಕೇಳದೆ ಹೇಳದೆ ದುರಗವ್ವನ ರಾಶಿಯ ತೋಳುಗಳಿಗೆ ಕೈ ಹಾಕಿದಳು.

ವಾರ ಮುಗಿದಾಗ ಲೈನು ಎಲ್ಲರಿಗಿಂತ ಮುಂದೇನೂ ಹೋಗಿರಲಿಲ್ಲ, ಉಳಿದವುಗಳ ಸರಿಸಮ ಬಂದು ನಿಂತಿತ್ತು. ಮ್ಯಾನೇಜರಿಗೆ ಅಷ್ಟು ಸಾಕಾಯಿತು. ದುರಗವ್ವ ಉಳಿದಳು, ನೀಲಾಳೂ ಉಳಿದಳು. ಮುಂದಿನ ಶನಿವಾರ ಅರ್ಧ ದಿನ ರಜೆ ಕೇಳಿ ಇಬ್ಬರೂ ಕಣ್ಣಿನ ದವಾಖಾನೆಗೆ ಹೋಗಿ ಬಂದರು.

ಈಗ ಹೊಸಬರಿಗೆಲ್ಲ ಕೆಲಸ ಕಲಿಸುವವಳು ನೀಲಾಳೇ. ತಮ್ಮ ಕೆಲಸದ ಜೊತೆಗೆ ಎಡಗಡೆಯವಳದನ್ನೂ ಬಲಗಡೆಯವಳದನ್ನೂ ಅವರು ಕಲಿಯಲೇಬೇಕು. ಮೊನ್ನೆ ಗೋಪನಕೊಪ್ಪದಿಂದ ಬಂದ ಹುಡುಗಿಯೊಬ್ಬಳು, "ನಂದು ಕಾಲರ್ ಅಷ್ಟಽ ಅಲ್ಲೇನ್ರಿ, ತೋಳು ಯಾಕ ಕಲೀಬೇಕ್ರಿ?" ಎಂದು ಮುಖ ಸಿಂಡರಿಸಿದಳು. ನೀಲಾ ತಲೆಯೆತ್ತದೆ, "ಕುಂದರು. ನಾಳೆ ದುರಗವ್ವಗ ಜ್ವರ ಬಂದ್ರ ಯಾರ ಹೊಲೀತಾರ?" ಎಂದು ಅವಳ ಮುಂದೆ ಒಂದು ಹಿಡಿ ತೋಳುಗಳನ್ನು ಹಾಕಿದಳು.