ನೈವೇದ್ಯದ ಕಷಾಯ

ನನ್ನ ಬೆರಳ ಗಂಟುಗಳನ್ನು ಕೆಡಿಸಿದ್ದು ಹೊರಗಿನ ಯಾವ ಕ್ರಿಮಿಯೂ ಅಲ್ಲ, ನನ್ನದೇ ಮೈ ಕಾಯುವ ರಕ್ತಕಣಗಳು. ಅವು ನನ್ನ ಕೀಲುಗಳನ್ನೇ ಶತ್ರು ಅಂದುಕೊಂಡಿವೆ. ಆರು ವರ್ಷದಿಂದ ಈ ಸಂಧಿವಾತ. ದೇವರ ಮುಂದೆ ಕಡ್ಡಿ ಗೀರುವುದಕ್ಕೂ ಗಂಡನನ್ನು ಕರೆಯಬೇಕಾಗಿತ್ತು. ತಿಂಗಳಿಗೊಮ್ಮೆ ಸಲೈನಿನಲ್ಲಿ ಹನಿಸುವ ಹೊಸ ಔಷಧ ಶುರುವಾದ ಮೇಲೆ ಬೆರಳು ಮಡಚತೊಡಗಿದವು. ಒಮ್ಮೆಯೂ ತಪ್ಪಿಸಬೇಡಿ, ಸೊಟ್ಟಗಾದ ಬೆರಳು ಮತ್ತೆ ನೆಟ್ಟಗಾಗುವ ಖಾತ್ರಿಯಿಲ್ಲ ಎಂದಿದ್ದರು ನಾರಾಯಣಗೂಡ ಆಸ್ಪತ್ರೆಯ ಡಾಕ್ಟರಮ್ಮ.

ಅವರು ಮೈಸೂರು ಕಡೆಯವರು. ಚೀಟಿಯ ಹಿಂದೆ ಚಿತ್ರ ಬರೆದು ತಿಳಿಸಿದರು. "ಇದು ಟಿ ಕಣ. ಶತ್ರುವಿನ ಗುರುತು ಸಿಕ್ಕ ಮಾತ್ರಕ್ಕೆ ಇದು ಜಗಳಕ್ಕೆ ಏಳಲ್ಲ. ಗುರುತು ತೋರಿಸಿದ ಕಣ ಇನ್ನೊಂದು ಅಣುವಿನಿಂದ ಇದನ್ನ ಮುಟ್ಟಬೇಕು. ಎರಡೂ ಆದ್ರೆ ಮಾತ್ರ ಏಳುತ್ತೆ. ಔಷಧ ಆ ಎರಡನೇದನ್ನ ಮುಚ್ಚಿಬಿಡುತ್ತೆ."

ನಮ್ಮ ರಾಯಚೂರಿನ ಪದ್ಧತಿ ನೆನಪಾಯಿತು. ಫೋನಿನಲ್ಲಿ ಎಷ್ಟು ಕರೆದರೂ ನಾವು ಮದುವೆಗೆ ಹೋಗುವವರಲ್ಲ. ಬಾಗಿಲಿಗೆ ಬಂದು ಕುಂಕುಮ ಹಚ್ಚಿ ಕರೆಯಬೇಕು. "ಹಂಗಾರ ಈ ಸಲೈನು ಕುಂಕುಮದ ಭರಣಿ ಕಸಗೊಳ್ಳತೈತಿ ಅನ್ರಿ" ಎಂದೆ. ಅವರು ನಕ್ಕರು. ಟಿ ಕಣಕ್ಕೆ 'ಸಾಕು, ನಿಲ್ಲು' ಎನ್ನುವ ಅಣುವೂ ಮೈಯಲ್ಲೇ ಇದೆ, ಅದರ ಅಚ್ಚಿನಲ್ಲೇ ಈ ಔಷಧ ಮಾಡಿದ್ದು ಎಂದರು. ಸಾಕು ಅನ್ನುವುದಕ್ಕೂ ದೇವರು ಒಂದನ್ನು ಇಟ್ಟಿದ್ದಾನಲ್ಲ ಎಂದು ಅಲ್ಲೇ ಕೈ ಮುಗಿದೆ.

ಶ್ರಾವಣದಲ್ಲಿ ನನ್ನ ಗಂಡನ ಅಕ್ಕ ನನಗೆ ಆಸರೆಯಾಗಲೆಂದು ಊರಿನಿಂದ ಬಂದು ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದರು. ಚೀಲದ ತುಂಬ ಅಮೃತಬಳ್ಳಿ.

"ರೋಗ ತಡಿಯೋ ಶಕ್ತಿ ಕಡಿಮಿ ಮಾಡ್ಕೊಳ್ಳಾಕ ಯಾರರ ಸೂಜಿ ಚುಚ್ಚಿಸ್ಕೋತಾರೇನವಾ? ಇದನ್ನ ಕುಡಿ, ಶಕ್ತಿ ಬರತೈತಿ."

"ಅಕ್ಕಾರ, ಆ ಶಕ್ತಿ ಹೆಚ್ಚಾಗಿದ್ದೇ ನನ್ನ ರೋಗ ರೀ. ನನಗ ಬ್ಯಾಡ."

ಮರುದಿನ ಅವರು ಕಷಾಯ ಕುದಿಸಿ, ತುಳಸಿದಳ ಹಾಕಿ, ನೈವೇದ್ಯ ತೋರಿಸಿ ಬೆಳ್ಳಿ ಬಟ್ಟಲಲ್ಲಿ ತಂದರು. "ಈಗ ಬ್ಯಾಡ ಅನ್ನು, ನೋಡೂಣು."

ದೇವರಿಗೆ ತೋರಿಸಿದ್ದನ್ನು ಒಲ್ಲೆ ಅಂದು ನನಗೆ ಗೊತ್ತಿಲ್ಲ. ಐದು ವಾರ ಕುಡಿದೆ. ನಡುವೆ ಸಲೈನಿಗೆ ಹೋದಾಗ ಡಾಕ್ಟರಮ್ಮ "ಬೇರೆ ಔಷಧಿ ಏನಾದ್ರೂ ತಗೋತಿದ್ದೀರಾ?" ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಪ್ರಸಾದವನ್ನು ಯಾರು ಔಷಧ ಅನ್ನುತ್ತಾರೆ?

ಮುಂದಿನ ತಿಂಗಳ ರಕ್ತಪರೀಕ್ಷೆಯಲ್ಲಿ ಲಿವರ್ ಕೆಟ್ಟಿತ್ತು. ಕೆದಕಿ ಕೆದಕಿ ಕೇಳಿದಾಗ ಬಟ್ಟಲಿನ ವಿಷಯ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಾನು ಕುಂಕುಮದ ಭರಣಿ ಕಿತ್ತಿಟ್ಟೆ, ನೀವು ಬಾಗಿಲಿಗೆ ಹೋಗಿ ಕರೆದು ಬಂದ್ರಿ. ಇಂಥ ರೋಗ ಇರೋರಲ್ಲಿ ಅಮೃತಬಳ್ಳಿ ಆ ಕಣಗಳನ್ನ ಎಬ್ಬಿಸಿ ಲಿವರನ್ನ ಕೆಡಿಸಬಹುದು." ಲಿವರ್ ಸರಿಯಾಗುವ ತನಕ ಸಲೈನು ಬಂದ್.

ಎರಡು ತಿಂಗಳು. ಬೆರಳು ಬದನೆಕಾಯಿಯ ಹಾಗೆ ಊದಿದವು. ಸೀರೆಯ ನಿರಿಗೆ ಹಿಡಿಯಲಾಗದೆ ಕೂತು ಅತ್ತೆ. ಅಕ್ಕಾರ ಮೇಲೆ ಸಿಟ್ಟು, ಡಾಕ್ಟರಮ್ಮನಿಗೆ ಇಲ್ಲ ಎಂದ ನನ್ನ ನಾಲಿಗೆಯ ಮೇಲೆ ಇನ್ನೂ ಸಿಟ್ಟು. ಇಷ್ಟಾದರೂ ಅಕ್ಕಾರು ಬಟ್ಟಲು ತಂದರು.

"ನಂಬಿಕಿ ಕಡಿಮಿ ಆಗೇತಿ ನಿನಗ, ಅದಕ್ಕ ಕಷಾಯ ಮೈಗೆ ಹತ್ತವಲ್ದು."

"ನಂಬಿಕಿ ಮಾತು ನನ್ನ ಮುಂದ ಆಡಬ್ಯಾಡ್ರಿ. ದೇವರನ್ನ ಅಡ್ಡ ಹಿಡದು ನನಗ ಕುಡಿಸಿದ್ರಿ. ಅವನ ಹೆಸರು ಕೆಡಿಸಿದವರು ನೀವು."

ಬಟ್ಟಲನ್ನು ಎರಡು ಅಂಗೈಗಳ ನಡುವೆ ಹಿಡಿದು ಒಯ್ದು ಬಚ್ಚಲಿಗೆ ಸುರಿದೆ. ನೈವೇದ್ಯ ಬಚ್ಚಲಿಗೆ. ಕೊನೆಯ ಹನಿಯ ತನಕ ಸುರಿದೆ. ಅಕ್ಕಾರು ಮತ್ತೆ ಬಟ್ಟಲು ತರಲಿಲ್ಲ. ಅದೂ ದೇವರ ದಯೆಯೇ.

ಸಲೈನು ಮತ್ತೆ ಶುರುವಾಯಿತು. ಅಕ್ಕಾರು ಊರಿಗೆ ಹೊರಟ ಹೊತ್ತಿಗೆ ಕುಂಕುಮದ ಭರಣಿಯ ಮುಚ್ಚಳ ನಾನೇ ತಿರುಗಿಸಿದೆ. ಎಡಗೈಯ ಕಿರುಬೆರಳು ಮಾತ್ರ ಸೊಟ್ಟಗೆ ನಿಂತಿತು. ಅದು ಇನ್ನು ಹಾಗೇ ಎಂದಿದ್ದಾರೆ ಡಾಕ್ಟರಮ್ಮ. ಅಕ್ಕಾರು ಅದನ್ನು ನೋಡಿದರು, ನೋಡಲಿ ಎಂದೇ ಆ ಕೈಯಲ್ಲಿ ಭರಣಿ ಹಿಡಿದಿದ್ದೆ. ಬಲಗೈಯಿಂದ ಅವರ ಹಣೆಗೆ ಕುಂಕುಮ ಹಚ್ಚಿದೆ. ಮತ್ತೆ ಬರ್ರಿ ಎನ್ನುವುದು ನಮ್ಮ ರೂಢಿ. ಅದನ್ನು ಅನ್ನಲಿಲ್ಲ.